ಮುಖದ ಮೇಲಿನ ಹಾಳೆ

ಹೈಚುವಾನ್ ಶವಪೆಟ್ಟಿಗೆಯಲ್ಲಿ ಮಲಗಿಸಿದ್ದ ಅಪ್ಪನ ಮುಖದ ಮೇಲಿದ್ದ ಕಾಗದದ ತುದಿ ಹಿಡಿದು ಎತ್ತುವಷ್ಟರಲ್ಲಿ ಸುಯುನ್ ಅವನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಳು.

"ಬಿಡಕ್ಕಾ! ಇದು ಅಪ್ಪನ ಚಿತ್ರ. ಮೂಲೇಲಿ ಹೆಸರಿನ ಮುದ್ರೆ ನೋಡು."

"ಸತ್ತವರ ಮುಚ್ಚಿದ ಮುಖ ತೆರೀತೀಯಲ್ಲೋ, ತಲೆ ಕೆಟ್ಟಿದೆಯಾ ನಿಂಗೆ?"

ತಮ್ಮನ ಹೆಂಡತಿ ಶಿಯುಜೆನ್ ಮುಖ ಸಣ್ಣದು ಮಾಡಿಕೊಂಡಳು. ಮೊನ್ನೆ ಮಾವನ ಉಸಿರು ನಿಂತಾಗ ರೂಢಿಯಂತೆ ಮುಖಕ್ಕೆ ಬಿಳಿ ಕಾಗದ ಹೊದಿಸಿದವಳು ಅವಳೇ. ಗಡಿಬಿಡಿಯಲ್ಲಿ ಮೇಜಿನ ಮೇಲೆ ಕೈಗೆ ಸಿಕ್ಕಿದ್ದನ್ನು ತಂದಿದ್ದಳು.

"ಖಾಲಿ ಹಾಳೆ ಅಂದ್ಕೊಂಡೆ ಅತ್ತಿಗೆ. ಕೆಳಗೊಂದಿಷ್ಟು ಮಸಿ ಬಿದ್ದಿದೆ ಅನ್ನಿಸ್ತು."

ಆ ಮಸಿಯೆಂದರೆ ಎರಡು ಪೈನ್ ಮರ, ಒಂದು ಕಾಲುಹಾದಿ, ಕೋಲೂರಿ ಹತ್ತುತ್ತಿರುವ ಅಕ್ಕಿಕಾಳಿನಷ್ಟು ಮನುಷ್ಯ. ಅದರಾಚೆ ಏನೂ ಇರಲಿಲ್ಲ.

"ಚಿತ್ರಶಾಲೆಯವರು ಒಂದೇ ಒಂದು ಕೊಡಿ, ಗೋಡೆಗೆ ಹಾಕ್ತೀವಿ ಅಂದಿದಾರೆ," ಎಂದ ಹೈಚುವಾನ್. "ಉಳಿದದ್ದನ್ನೆಲ್ಲ ಒಲೆಗೆ ಹಾಕ್ದ ಮುದುಕ. ಸತ್ತ ಮೇಲೂ ಅಪ್ಪ ಬರೀ ಫ್ಲಾಸ್ಕಿನ ಚೆಂಗ್ ಅನ್ನಿಸ್ಕೋಬೇಕಾ?"

ಪೆಟ್ಟಿಗೆಯ ಮುಚ್ಚಳ ಹಿಡಿದು ನಿಂತಿದ್ದ ನೆರೆಮನೆಯ ಮುದುಕ ಪಾನ್ ಕೆರಳಿದ. "ಫ್ಲಾಸ್ಕಿಗೇನಾಗಿದೆಯೋ? ನಮ್ಮನೇಲಿ ಇನ್ನೂ ಇದೆ. ಅದ್ರ ಮೇಲೆ ಅವ್ನು ಬರೆದ ಬೆಟ್ಟ ಸವೆದಿದೆ, ನೀರು ಬಿಸಿ ಇರುತ್ತೆ. ಬೇಗ ತೀರ್ಮಾನ ಮಾಡ್ರಪ್ಪಾ, ತೋಳು ಬಿದ್ದು ಹೋಗ್ತಿದೆ."

*

ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಪ್ಪ ಫ್ಲಾಸ್ಕುಗಳ ಮೇಲೆ ಬೆಟ್ಟ ಬರೆದ. ಬೆರಳಗಲ ಜಾಗ ಬಿಟ್ಟರೂ ಮೇಸ್ತ್ರಿ ಕೂಗುತ್ತಿದ್ದ: "ಬಣ್ಣಕ್ಕೆ ಬರವೇನೋ? ತುಂಬು!" ಅಪ್ಪ ತುಂಬುತ್ತಿದ್ದ. ಆಮೇಲೆ ಅಂಟಿಸುವ ಚಿತ್ರಗಳು ಬಂದವು, ಅಪ್ಪನನ್ನು ಮನೆಗೆ ಕಳಿಸಿದರು.

ರಜೆಯ ದಿನ ಮಾತ್ರ ಅವನು ತೆಳು ಕಾಗದ ಹಾಸುತ್ತಿದ್ದ. ಎಂಟು ವರ್ಷದ ಸುಯುನ್ ಮಸಿ ತೇಯುತ್ತಿದ್ದಳು.

"ಅಪ್ಪಾ, ಬೆಟ್ಟ ಎಲ್ಲಿ?"

"ಮಂಜಿನ ಹಿಂದೆ."

"ಕಾಣ್ತಾನೇ ಇಲ್ವಲ್ಲ!"

"ತಡಿ. ಜಾಗ ಬಿಟ್ರೆ ಅದೇ ಬರುತ್ತೆ."

ಅಪ್ಪ ಸಂಜೆಯವರೆಗೂ ಹಾಳೆ ನೋಡುತ್ತ ಕೂರುತ್ತಿದ್ದ. "ಬರ್ಲಿಲ್ಲ," ಎಂದು ಎದ್ದು ಅದನ್ನು ಒಲೆಗೆ ಹಾಕುತ್ತಿದ್ದ. ಮುದ್ರೆಯ ಡಬ್ಬಿಯನ್ನು ಅವನು ತೆರೆದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

*

ಸುಯುನ್ ಬಗ್ಗಿ ನೋಡಿದಳು. ಮೂಲೆಯಲ್ಲಿ ಮುದ್ರೆ ಕೆಂಪಗೆ, ನೆಟ್ಟಗೆ ಕೂತಿತ್ತು. ಮುಗಿಯದ ಚಿತ್ರಕ್ಕೆ ಯಾರೂ ಮುದ್ರೆ ಒತ್ತುವುದಿಲ್ಲ. ಹಾಗಾದರೆ ಈ ಸಲ ಬೆಟ್ಟ ಬಂದಿತ್ತು. ಇದನ್ನು ಮಣ್ಣಿಗೆ ಹಾಕುವುದೇ? ಅವಳ ಹಿಡಿತ ಸಡಿಲವಾಯಿತು.

"ತಗೊಂಡ್ಹೋಗು," ಎಂದಳು. "ಆದ್ರೆ ಮೊದ್ಲು ಇಲ್ಲಿ ಬಂದು ನಿಂತು ನೋಡು."

ಹೈಚುವಾನ್ ಅವಳ ಪಕ್ಕಕ್ಕೆ ಬಂದ. ನೋಡಿದ. ಕಾಗದದ ತುದಿಯಿಂದ ಅವನ ಬೆರಳುಗಳು ತಾವಾಗಿ ಜಾರಿದವು.

"ಮುಚ್ಚಲಾ?" ಎಂದ ಪಾನ್.

"ಮುಚ್ಚಿ," ಎಂದ ಹೈಚುವಾನ್.

ಬಾಗಿಲಿಂದ ಬಿದ್ದ ಬೆಳಕಿನಲ್ಲಿ, ಖಾಲಿ ಬಿಟ್ಟ ಜಾಗದ ನಟ್ಟನಡುವೆ, ಅಪ್ಪನ ಮೂಗು ಹಾಳೆಯನ್ನು ಎತ್ತಿ ಹಿಡಿದಿತ್ತು. ಅದರ ಒಂದು ಮಗ್ಗುಲು ಬೆಳ್ಳಗಿತ್ತು, ಇನ್ನೊಂದರ ಮೇಲೆ ತೆಳು ಮಸಿಯಂಥ ನೆರಳಿತ್ತು. ಕೆಳಗೆ, ಗದ್ದದ ಹತ್ತಿರ, ಅಕ್ಕಿಕಾಳಿನಷ್ಟು ಮನುಷ್ಯ ಕೋಲೂರಿಕೊಂಡು ಅದರ ಕಡೆಗೆ ಹತ್ತುತ್ತಿದ್ದ.