ಮಗ ತಾನೇ ಇಸ್ತ್ರಿ ಮಾಡಿಕೊಂಡ ಪ್ಯಾಂಟು

ಅಜ್ಜಿ ಕಥೆಯ ರಾಕ್ಷಸನಿಗೆ ಕೋರೆಹಲ್ಲುಗಳು ಇರುತ್ತವೆ. ಅವನು ಬಂದರೆ ನೆಲ ನಡುಗುತ್ತದೆ, ಊರವರು ಬಾಗಿಲು ಹಾಕಿಕೊಳ್ಳುತ್ತಾರೆ. ಈ ಬೀದಿಗೆ ಬಂದ ರಾಕ್ಷಸ ಅಂಗೈ ಅಗಲವೂ ಇರಲಿಲ್ಲ. ಓದುವ ಹುಡುಗರ ಪ್ಯಾಂಟಿನ ಜೇಬಿನಲ್ಲಿ ಕೂತು, ಚಪ್ಪಲಿ ಸದ್ದೂ ಆಗದಂತೆ ಒಳಗೆ ಬಂದ. ಅವನನ್ನು ಎಲ್ಲರಿಗಿಂತ ಮೊದಲು ಕಂಡವಳು ಇಸ್ತ್ರಿಯಕ್ಕ. ಕಂಡೂ ಸುಮ್ಮನಿದ್ದಳು.

ಸುಮ್ಮನಿರುವುದು ಅವಳ ಕಸುಬಿನ ಮರ್ಯಾದೆ. ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ ಇಡುವ ಮುಂಚೆ ಜೇಬು ತಡವಲೇಬೇಕು. ಪೆನ್ನು ಉಳಿದಿದ್ದರೆ ಶಾಯಿ ಕರಗಿ ಬಟ್ಟೆ ಹಾಳು. ತಡವಿದರೆ ಏನೇನೋ ಸಿಗುತ್ತದೆ. ಸಿನಿಮಾ ಟಿಕೆಟ್ಟು, ಬೀಗದ ಕೈ, ಸಕ್ಕರೆ ಕಾಯಿಲೆಯ ಗಂಡ ಹೆಂಡತಿಗೆ ಗೊತ್ತಾಗದಂತೆ ತಿಂದ ಮಿಠಾಯಿಯ ಕಾಗದ. ಸಿಕ್ಕಿದ್ದನ್ನು ಪೊಟ್ಟಣ ಕಟ್ಟಿ ಮಡಿಸಿದ ಬಟ್ಟೆಯ ಮೇಲಿಟ್ಟು ಕೊಡುವುದು, ತುಟಿ ಬಿಚ್ಚದಿರುವುದು. "ಜೇಬಿನ ಮಾತು ಜೇಬಿಗೇ" ಎಂದು ಅತ್ತೆ ಹೇಳಿಕೊಟ್ಟಿದ್ದಳು, ಕೆಂಡ ಊದುವುದನ್ನು ಕಲಿಸುವ ಮೊದಲೇ.

ಆವತ್ತು ಮಧ್ಯಾಹ್ನ ಆರೋಗ್ಯ ಕೇಂದ್ರದ ನರ್ಸಮ್ಮ ಅಂಗಡಿಗೆ ಬಂದಳು. ಕೈಯಲ್ಲಿ ಬಟ್ಟೆ ಗಂಟು ಇರಲಿಲ್ಲ.

"ಅಕ್ಕಾ, ಸಂಜೆ ಶಾಲೆ ಹತ್ರ ಬಾ. ಬೀದಿಯವರೆಲ್ಲ ಸೇರ್ತಿದೀವಿ."

"ಯಾಕಮ್ಮ, ಯಾರ್ದಾದ್ರೂ ಮದುವೆನಾ?"

"ತಮಾಷೆ ಬೇಡಕ್ಕ. ಮೂಲೆಮನೆ ಹುಡುಗ ಬಸ್ ಸ್ಟಾಪಲ್ಲಿ ಬಿದ್ನಲ್ಲ, ಬಿಸಿಲಿಗೆ ಅಲ್ಲ. ನಶೆಗೆ ಅಂತ ನೋವಿನ ಮಾತ್ರೆ ನುಂಗಿದ್ದ. ಇನ್ನೂ ಕಣ್ಣು ಬಿಟ್ಟಿಲ್ಲ. ಮುಚ್ಚಿಡಬೇಡಿ, ಎಲ್ರಿಗೂ ಹೇಳಿ ಅಂತ ಅವರಮ್ಮನೇ ಅಂದ್ಲು."

ಪೆಟ್ಟಿಗೆ ನಿಂತಲ್ಲೇ ನಿಂತಿತು. ಸುಟ್ಟ ವಾಸನೆ ಮೂಗಿಗೆ ಬಡಿದಾಗ ಇಸ್ತ್ರಿಯಕ್ಕ ಬೆಚ್ಚಿ ಎತ್ತಿದಳು.

"ಅಯ್ಯೋ ಪಾಪ... ಆದ್ರೆ ನಾನು ಬಂದು ಏನ್ ಮಾಡ್ಲಿ? ಪೊಲೀಸ್ರಿದಾರೆ, ಮೇಷ್ಟ್ರಿದಾರೆ. ಕೂಟ ಅಂದ್ರೆ ಟೀ ಕುಡಿದು ಫೋಟೋ ಹಿಡಿಸ್ಕೊಂಡು ಏಳೋದು. ನನ್ನ ಮಗ ಅಂಥವನಲ್ಲ ಬಿಡು, ಅಪ್ಪಟ ಚಿನ್ನ. ಈಗೀಗ ತನ್ನ ಪ್ಯಾಂಟು ತಾನೇ ಇಸ್ತ್ರಿ ಮಾಡ್ಕೋತಾನೆ. 'ನಿನ್ನ ಕೈ ನೋಯುತ್ತೆ ಬಿಡಮ್ಮ' ಅಂತಾನೆ!"

"ಬೀದಿ ಜೇಬೆಲ್ಲ ದಿನಾ ನಿನ್ನ ಕೈ ಮೇಲೆ ಹಾದುಹೋಗುತ್ತೆ. ಅದಕ್ಕೇ ಕರೀತಿರೋದು."

"ಸರಿಹೋಯ್ತು! ಜೇಬಿನ ವಿಷ್ಯ ಬಾಯಿಬಿಟ್ರೆ ನಾಳೆಯಿಂದ ನಂಗೆ ಬಟ್ಟೆ ಯಾರು ಕೊಡ್ತಾರೆ?"

"ಹೆಸರು ಬೇಡ, ಯಾವ ಮನೆ ಅಂತ್ಲೂ ಬೇಡ. ಏನು ಕಂಡೆ, ಯಾವಾಗಿಂದ ಕಂಡೆ, ಅಷ್ಟೇ."

ಸಂಜೆ, ಮಕ್ಕಳ ಬೆಂಚಿನಲ್ಲಿ ದೊಡ್ಡವರೆಲ್ಲ ಮಂಡಿ ಮಡಚಿ ಇರುಕಿಕೊಂಡು ಕೂತಿದ್ದರು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇಸ್ತ್ರಿಯಕ್ಕ ಬಾಗಿಲ ಹತ್ತಿರದ ಬೆಂಚು ಹಿಡಿದಿದ್ದಳು, ಬೇಗ ಏಳುವುದಕ್ಕೆ ಅನುಕೂಲ ಎಂದು.

ಬೀದಿಯ ಮೇಲಿನ ತುದಿಯ ಔಷಧಿ ಅಂಗಡಿಯವನು ಮೊದಲು ಗಂಟಲು ಸರಿಮಾಡಿಕೊಂಡ. "ಹುಡುಗ್ರು ಬಂದು ಅಜ್ಜಿಗೆ ಮಂಡಿನೋವು ಅಂತ ಮಾತ್ರೆ ಕೇಳ್ತಾರೆ. ಚೀಟಿ ಇಲ್ದಿದ್ರೂ, ಒಂದೇ ಸ್ಟ್ರಿಪ್ ತಾನೇ ಅಂತ ಕೊಟ್ಟೆ."

ಕೆಳಗಿನ ತುದಿಯ ಔಷಧಿ ಅಂಗಡಿಯವನು ತಲೆಯೆತ್ತಿದ. "ನನ್ನ ಹತ್ರನೂ ಅಜ್ಜಿ ಮಂಡಿನೋವೇ!"

"ಬೀದಿ ಅಜ್ಜಿಯರ ಮಂಡಿ ಅಷ್ಟು ಹಾಳಾಗಿದ್ರೆ ನಲ್ಲಿ ಜಗಳಕ್ಕೆ ಹಂಗೆ ಓಡಿ ಬರ್ತಿದ್ರಾ?" ಎಂದಿತು ಹಿಂದಿನಿಂದ ಒಂದು ದನಿ. ಎದ್ದ ನಗು ಅರ್ಧಕ್ಕೇ ಸತ್ತುಹೋಯಿತು.

ಆಟದ ಮೇಷ್ಟ್ರು ಹೇಳಿದರು: "ಹುಲ್ಲು ಹಾಳಾಗುತ್ತೆ ಅಂತ ಮೈದಾನದ ಗೇಟಿಗೆ ಬೀಗ ಹಾಕಿಸಿದ್ದು ನಾನು. ಆಡ್ತಿದ್ದ ಹುಡುಗ್ರೆಲ್ಲ ಈಗ ಗೋಡೆ ಹಿಂದೆ ಕೂರ್ತಾರೆ. ಕ್ಲಾಸಲ್ಲಿ ತೂಕಡಿಸ್ತಾರೆ. ನಾನು ಮೊಬೈಲ್ ಕಾಟ ಅನ್ಕೊಂಡಿದ್ದೆ."

"ನೋಡಿ," ಎಂದಳು ನರ್ಸಮ್ಮ, "ಒಬ್ಬೊಬ್ಬರ ಹತ್ರ ಒಂದೊಂದು ತುಂಡು ಇತ್ತು. ಸೇರಿಸಿ ಹೊಲಿದು ನೋಡೋರು ಇರ್ಲಿಲ್ಲ."

ಎಲ್ಲರ ಕಣ್ಣು ಇಸ್ತ್ರಿಯಕ್ಕನ ಕಡೆ ತಿರುಗಿತು.

"ನಂಗೂ ಸಿಕ್ಕಿವೆ," ಎಂದಳು ಕೊನೆಗೆ. "ಖಾಲಿ ಸ್ಟ್ರಿಪ್ಪು. ಪರೀಕ್ಷೆ ಮುಗಿದಾಗಿಂದ. ಪೊಟ್ಟಣ ಕಟ್ಟಿ ವಾಪಸ್ ಕೊಟ್ಟೆ. ಆದ್ರೆ ಈಗ ಸಿಗೋದು ಕಮ್ಮಿ ಆಗಿದೆ."

"ಕಮ್ಮಿ ಆಗಿದ್ಯಾ? ಸದ್ಯ!" ಎಂದ ಮೇಲಿನ ಅಂಗಡಿಯವನು.

"ಯಾಕಕ್ಕ ಕಮ್ಮಿ ಆಯ್ತು?" ಎಂದಳು ನರ್ಸಮ್ಮ.

"ದೊಡ್ಡ ಹುಡುಗ್ರ ಪ್ಯಾಂಟೇ ಬರಲ್ವಲ್ಲ ಈಗ. ಮನೇಲಿ ಅವರವರೇ ಇಸ್ತ್ರಿ ಮಾಡ್..."

ಮಾತು ಅಲ್ಲೇ ಮುರಿಯಿತು. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. *ನಿನ್ನ ಕೈ ನೋಯುತ್ತೆ ಬಿಡಮ್ಮ.* ಅವಳು ಎದ್ದಳು. ಬೆಂಚು ಕಿರುಗುಟ್ಟಿತು. ನೇರ ಮನೆಗೆ ಹೊರಟಳು. ನರ್ಸಮ್ಮ ಹಿಂದೆಯೇ ಬಂದಳು.

ಮನೆಯ ಮೊಳೆಗೆ ಪ್ಯಾಂಟು ತೂಗುಹಾಕಿತ್ತು. ಗೆರೆ ನೇರವಾಗಿತ್ತು, ಅವಳೇ ಕಲಿಸಿದ ಹಾಗೆ. ಊರವರ ಜೇಬು ತಡವಿ ತಡವಿ ಸವೆದ ಕೈಯನ್ನು ಈ ಒಂದು ಜೇಬಿಗೂ ಹಾಕಿದಳು. ಬೆರಳಿಗೆ ಚುಚ್ಚಿದ್ದನ್ನು ಹೊರಗೆಳೆದಳು. ಅರ್ಧ ಖಾಲಿಯಾದ ಸ್ಟ್ರಿಪ್ಪು.

"ಏನಮ್ಮ ಮಾಡ್ತಿದೀಯ?"

ಬಾಗಿಲಲ್ಲಿ ಮಗ. ಮೀಸೆ ಈಗಷ್ಟೇ ಚಿಗುರುತ್ತಿದ್ದ ಮುಖದಲ್ಲಿ ರಕ್ತವೇ ಇರಲಿಲ್ಲ. "ಜೇಬಿನ ಮಾತು ಜೇಬಿಗೇ ಅಂತ ನೀನೇ ಅಲ್ವಾ ಹೇಳೋದು? ನನ್ನ ಜೇಬಿಗೆ ಯಾಕೆ ಕೈ ಹಾಕ್ದೆ?"

ಅವಳ ಕೈ ಮೇಲೆದ್ದಿತು. ಮೈಯೆಲ್ಲ ಕೆಂಡ. ಆದರೆ ಕಸುಬು ಕಲಿಸಿದ್ದನ್ನು ಕೈ ಮರೆಯುವುದಿಲ್ಲ: ಕಾದು ಕೆಂಪಾದ ಪೆಟ್ಟಿಗೆ ಸುಕ್ಕು ತೆಗೆಯುವುದಿಲ್ಲ, ಬಟ್ಟೆಯನ್ನೇ ಸುಡುತ್ತದೆ. ಎತ್ತಿದ ಕೈ ಮಗನ ಭುಜದ ಮೇಲೆ ಇಳಿಯಿತು.

"ಇವತ್ತು ನುಂಗಿದೀಯಾ? ಸುಳ್ಳು ಬೇಡ ಕಂದ."

ಅವನು ಗೋಡೆಗೆ ಒರಗಿ ಕುಸಿದ. "ನುಂಗ್ದೆ. ಬಿಡೋಕೆ ನೋಡ್ದೆ ಅಮ್ಮ. ಬಿಟ್ರೆ ಮೈ ನಡುಗುತ್ತೆ, ನಿದ್ದೆ ಬರಲ್ಲ. ಗೊತ್ತಾದ್ರೆ ನೀನು ಎದೆ ಒಡ್ಕೊಂಡು ಸಾಯ್ತೀಯ ಅನ್ಕೊಂಡೆ."

"ಹೀಗೆ ಮುಚ್ಚಿಟ್ಟಿದ್ರೆ ನಿನ್ನ ಹಿಂದೆನೇ ಸಾಯ್ತಿದ್ದೆ."

ನರ್ಸಮ್ಮ ನೆಲದ ಮೇಲೆ ಅವನೆದುರು ಕೂತಳು. "ಇದು ಕಾಯಿಲೆ ತಮ್ಮಾ, ಇದಕ್ಕೆ ಚಿಕಿತ್ಸೆ ಇದೆ. ಬೈದ್ರೆ ಹೋಗಲ್ಲ, ಕೂಡಿಹಾಕಿದ್ರೂ ಹೋಗಲ್ಲ. ನೀನೊಬ್ನೇ ಹಲ್ಲು ಕಚ್ಚಿ ಬಿಡೋಕೂ ಹೋಗ್ಬೇಡ, ಡಾಕ್ಟ್ರು ನೋಡ್ಲಿ. ಏಳು, ಈಗ್ಲೇ ಹೋಗೋಣ." ಆಮೇಲೆ ತಾಯಿಯ ಕಡೆ ತಿರುಗಿ, "ಆ ಸ್ಟ್ರಿಪ್ಪೂ ತಗೋ ಅಕ್ಕ, ಏನು ನುಂಗಿದಾನೆ ಅಂತ ಅವರಿಗೆ ಗೊತ್ತಾಗ್ಬೇಕು" ಎಂದಳು.

ಮುಂದಿನ ಕೂಟಕ್ಕೆ ಇಸ್ತ್ರಿಯಕ್ಕ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲೇ ಕೂತಳು. ಎರಡೂ ಔಷಧಿ ಅಂಗಡಿಯವರು ಅಲ್ಲೇ ಮಾತು ಕೊಟ್ಟರು: ಡಾಕ್ಟರ ಚೀಟಿ ಇಲ್ಲದೆ ಆ ಮಾತ್ರೆ ಇಲ್ಲ, ಅಜ್ಜಿಯೇ ಬಂದು ಕೇಳಿದರೂ ಇಲ್ಲ. ಮೈದಾನದ ಗೇಟು ತೆರೆಯಿತು, ಬೀಗ ಮೇಷ್ಟ್ರ ಜೇಬು ಸೇರಿತು. ಸಂಜೆ ಹೊತ್ತು ದೊಡ್ಡವರೊಬ್ಬರು ಪಾಳಿಯಂತೆ ಅಲ್ಲಿ ಕೂತರು, ಕಾವಲಿಗಲ್ಲ, ಆಟ ನೋಡುವುದಕ್ಕೆ. ಸಿಕ್ಕಿಬಿದ್ದ ಮಗುವನ್ನು ಶಾಲೆಯಿಂದ ಹೊರಗೆ ಹಾಕುವುದಿಲ್ಲ, ಮನೆಯವರನ್ನೂ ನರ್ಸಮ್ಮನನ್ನೂ ಕರೆಸುತ್ತೇವೆ ಎಂದರು ಮೇಷ್ಟ್ರು. ಯಾವ ಮಗುವಿಗೂ ಅಡ್ಡಹೆಸರು ಇಡಬಾರದೆಂದು ಎಲ್ಲರೂ ಒಪ್ಪಿದರು.

ಇಸ್ತ್ರಿಯಕ್ಕನೂ ಗಿರಾಕಿಗಳಿಗೆ ಮೊದಲೇ ಹೇಳಿಬಿಟ್ಟಳು: "ಜೇಬಿನ ಮಾತು ಈಗಲೂ ಜೇಬಿಗೇ. ಆದ್ರೆ ಜೀವಕ್ಕೆ ಕುತ್ತು ತರೋದು ಸಿಕ್ರೆ ನಿಮ್ಮ ಕೈಗೇ ಕೊಡ್ತೀನಿ, ಕಿವೀಲಿ ಹೇಳ್ತೀನಿ. ಬೇಡ ಅನ್ನೋರು ಬೇರೆ ಅಂಗಡಿ ನೋಡ್ಕೊಳ್ಳಿ." ಯಾರೂ ಬೇರೆ ಅಂಗಡಿ ನೋಡಲಿಲ್ಲ. ನಿಂತುಹೋಗಿದ್ದ ಪ್ಯಾಂಟುಗಳೂ ಗಂಟು ಗಂಟಾಗಿ ಬಂದವು.

ಮೂಲೆಮನೆ ಹುಡುಗ ಕಣ್ಣು ಬಿಟ್ಟ. ಮಾತು ಇನ್ನೂ ತಡವರಿಸುತ್ತದೆ. ಇಸ್ತ್ರಿಯಕ್ಕನ ಮಗ ಒಂದು ಸಲ ಜಾರಿದ, ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತಿದ. ಅವನು ಬರುವುದು ತಡವಾದರೆ ಅವಳು ಈಗಲೂ ಬೀದಿ ತುದಿಯವರೆಗೆ ಹೋಗಿ ನೋಡುತ್ತಾಳೆ. ಆದರೆ ಮೊನ್ನೆ ಬೆಳಿಗ್ಗೆ ಅವನು ತನ್ನ ಪ್ಯಾಂಟನ್ನು ತಂದು ಅಮ್ಮನ ಮೇಜಿನ ಮೇಲಿಟ್ಟು ಹೋದ. ಎರಡೂ ಜೇಬು ಹೊರಗೆ ಎಳೆದಿದ್ದವು, ಮೊಲದ ಕಿವಿಯ ಹಾಗೆ.

ಅಮ್ಮ, ಅಪ್ಪ, ಅಂಗಡಿಯಣ್ಣ, ಮೇಷ್ಟ್ರೇ, ನಿಮ್ಮ ಕೈಯಲ್ಲೂ ಒಂದು ತುಂಡು ಇರಬಹುದು. ಸಣ್ಣದು ಎಂದು ಮಡಿಸಿ ಇಟ್ಟಿರಬಹುದು. 'ನಮ್ಮ ಮನೆ ಮಗು ಅಂಥದ್ದಲ್ಲ' ಎಂದು ಹೇಳುವ ಮೊದಲು ಅದರ ಹತ್ತಿರ ಕೂತು ಮಾತಾಡಿ. ಹೊಡೆಯಬೇಡಿ, ಮುಚ್ಚಿಡಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ನಿಮ್ಮ ಬೀದಿಯಲ್ಲಿ ಕೂಟ ಇದ್ದರೆ ಇವತ್ತೇ ಸೇರಿ. ಇಲ್ಲವೇ? ಪಕ್ಕದ ಮನೆಯ ಕದ ತಟ್ಟಿ. ಇಬ್ಬರು ಸೇರಿದರೆ ಅದೇ ಕೂಟದ ಮೊದಲ ಹೊಲಿಗೆ.