ಸದ್ದಿಲ್ಲದ ಗಾಡಿ

ಮನೆಯಲ್ಲೇ ಮೆಕ್ಯಾನಿಕ್ ಸೊಸೆ ಇರುವಾಗ, ಪಿಟೀಲು ಮೇಷ್ಟ್ರು ಒಬ್ಬರೇ ಹೋಗಿ ಹಳೆಯ ಬೈಕೊಂದನ್ನು ಕೊಂಡು ತಂದರು. ಕೇಳಿದರೆ ಎಲ್ಲಿ ಬೇಡ ಅಂದುಬಿಡುತ್ತಾಳೋ ಎಂಬ ಭಯ. ಮಾರುವವನ ಅಂಗಳದಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳನ್ನೆಲ್ಲ ಸ್ಟಾರ್ಟ್ ಮಾಡಿಸಿ, ಒಂದೊಂದಕ್ಕೂ ಕಿವಿಗೊಟ್ಟು, ಚೂರೂ ಟಿಕ್ ಟಿಕ್ ಎನ್ನದ ಒಂದನ್ನು ಆರಿಸಿದ್ದರು. ಬಣ್ಣ ನೋಡಲಿಲ್ಲ, ಟೈರು ನೋಡಲಿಲ್ಲ. ಶ್ರುತಿ ತಪ್ಪಿದ ತಂತಿಯನ್ನು ಪಕ್ಕದ ಬೀದಿಯಿಂದಲೇ ಪತ್ತೆಹಚ್ಚುವ ಕಿವಿ ಅವರದು. ಅದರ ಮೇಲೆ ಅವರಿಗೆ ಎಲ್ಲಿಲ್ಲದ ನಂಬಿಕೆ.

ಗಾಡಿ ಸಮತಟ್ಟು ರಸ್ತೆಯಲ್ಲಿ ಸಾಧುವಾಗಿ ಓಡಿತು. ಗುಡ್ಡದ ಮೇಲಿನ ಬೀದಿಗೆ ಹೋಗುವ ಏರಿನಲ್ಲಿ ಮಾತ್ರ ಅರ್ಧದಾರಿಗೇ ಕೈಚೆಲ್ಲಿತು. ಅವರ ಶಿಷ್ಯರೆಲ್ಲ ಇದ್ದದ್ದು ಆ ಮೇಲಿನ ಬೀದಿಯಲ್ಲೇ. ಮೊಣಕಾಲು ನೋವಿಗೆ ನಡೆದು ಹತ್ತಲಾಗದೆ, ಬೈಕ್ ಕೊಂಡದ್ದೇ ಆ ಪಾಠಗಳಿಗಾಗಿ. ತಳ್ಳಿಕೊಂಡು ಸೊಸೆಯ ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಇದೂ ಆಗಲ್ಲ ಅಂದ್ರೆ ಪಾಠ ಬಿಟ್ಟುಬಿಡ್ತೀನಿ ಕಣಮ್ಮ. ಸಾಕು, ವಯಸ್ಸಾಯ್ತು."

ಸೊಸೆಗೆ ದಿಗಿಲಾಯಿತು. ರಜೆಯ ದಿನಗಳಲ್ಲೇ ಮನೆಯ ಬಾಗಿಲುಗಳ ಕಿರ್ರೆನ್ನುವ ಸದ್ದಿನಲ್ಲಿ ತಪ್ಪು ಹುಡುಕುತ್ತ ತಿರುಗುವ ಮನುಷ್ಯ. ಪಾಠವೇ ಇಲ್ಲವೆಂದರೆ ಇವರು ಕೊರಗಿ ಅರ್ಧವಾಗುತ್ತಾರೆ, ಉಳಿದವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂಬ ಮುನಿಸು ಅವಳಿಗಿತ್ತು. ಅದನ್ನು ಆಮೇಲೆ ನೋಡಿಕೊಂಡರಾಯಿತೆಂದು ಸ್ಪ್ಯಾನರ್ ಎತ್ತಿಕೊಂಡಳು.

ಕಿಕ್ಕರನ್ನು ಕೈಯಲ್ಲಿ ಒತ್ತಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ ಇಳಿಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿಗೆ ಒತ್ತಡ ಅಳೆಯುವ ಗೇಜು ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುವಿ ಹಿಡಿದು ಕಿಕ್ ಹೊಡೆದಳು. ಗೇಜಿನ ಮುಳ್ಳು ಏರಬೇಕಾದುದರ ಅರ್ಧಕ್ಕೇ ನಿಂತಿತು.

"ಕಂಪ್ರೆಷನ್ ಇಲ್ಲ ಮಾವ. ಒಳಗಿನ ಗಾಳಿ ಎಲ್ಲೋ ಸೋರ್ತಿದೆ. ಪಿಸ್ಟನ್ ರಿಂಗ್ ಸವೆದಿದ್ರೆ ಇಂಜಿನ್ನೇ ಬಿಚ್ಚಬೇಕಾಗುತ್ತೆ."

"ಬಿಚ್ಚೋದು ಬೇಡ. ಮಾರಿಬಿಡು."

"ಸ್ವಲ್ಪ ಸುಮ್ನೆ ಕೂತ್ಕೊಳ್ಳಿ."

ತೂತಿನೊಳಗೆ ತುಸು ಆಯಿಲ್ ಬಿಟ್ಟು ಮತ್ತೆ ಕಿಕ್ ಹೊಡೆದಳು. ರಿಂಗ್ ಸವೆದಿದ್ದರೆ ಆಯಿಲ್ ಆ ಸಂದನ್ನು ಮುಚ್ಚಿ ಮುಳ್ಳು ಏರಬೇಕು. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಅವಳಿಗೆ ಜೀವ ಬಂದಂತಾಯಿತು. ರಿಂಗ್ ಅಲ್ಲ, ಗಾಳಿ ಒಳಬಿಡುವ ಇಲ್ಲವೇ ಹೊಗೆ ಹೊರಬಿಡುವ ವಾಲ್ವ್. ಯಾವ ಕಡೆಯದು ಎಂದು ತಿಳಿಯಲು ಪಿಸ್ಟನ್ನನ್ನು ಮೇಲಕ್ಕೆ ತಂದು, ಕಂಪ್ರೆಸರಿನ ಪೈಪನ್ನು ಪ್ಲಗ್ಗಿನ ತೂತಿಗೆ ಜೋಡಿಸಿ ಗಾಳಿ ಬಿಟ್ಟಳು. ಅದು ಎಲ್ಲಿಂದ ಸೋರುತ್ತಿದೆಯೆಂದು ಕಿವಿಗೊಟ್ಟರೆ ಕಂಪ್ರೆಸರಿನ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ.

"ಇಲ್ಲಿ ಉಸ್ ಅಂತಿದೆ," ಎಂದರು ಮಾವ. ಯಾವ ಮಾಯದಲ್ಲೋ ಎದ್ದು ಬಂದು, ಸೈಲೆನ್ಸರಿನ ಬಾಯಿಗೆ ಕಿವಿಯಿಟ್ಟು ಬಾಗಿದ್ದರು.

ಹಾಗಾದರೆ ಹೊಗೆ ಹೋಗುವ ಕಡೆಯ ವಾಲ್ವ್. ಮುಚ್ಚಳ ತೆಗೆದು, ವಾಲ್ವಿಗೂ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವೆ ತೆಳ್ಳನೆಯ ಅಳತೆ ಪಟ್ಟಿ ತೂರಿಸಲು ನೋಡಿದಳು. ತೂರಲಿಲ್ಲ. ಕೂದಲೆಳೆಯಷ್ಟು ಸಂದು ಇರಬೇಕಾದ ಜಾಗವನ್ನು ಯಾರೋ ಬಿಗಿದು ಮುಚ್ಚಿದ್ದರು. ಅವಳಿಗೆ ನಗು ತಡೆಯಲಾಗಲಿಲ್ಲ.

"ಮಾವ, ಈ ಸಂದು ಇದ್ರೆ ತಾನೇ ಟಿಕ್ ಟಿಕ್ ಅನ್ನೋದು? ಸದ್ದು ಬರಬಾರ್ದು ಅಂತ ಬಿಗಿದುಬಿಟ್ಟಿದಾರೆ. ವಾಲ್ವ್ ಪೂರ್ತಿ ಮುಚ್ಕೊಳ್ತಾನೇ ಇಲ್ಲ. ಅಷ್ಟು ಗಾಡೀಲಿ ಕೆಟ್ಟಿದ್ದನ್ನೇ ಹುಡುಕಿ ತಂದಿದ್ದೀರಿ."

ಮೇಷ್ಟ್ರ ಮುಖ ಪೆಚ್ಚಾಯಿತು. ಅವಳಿಗೆ ಪಾಪವೆನಿಸಿತು. ಮುನಿಸು ಅಲ್ಲಿಗೆ ಕರಗಿತು.

ಹಾಗೆ ಬಾಯ್ಬಿಟ್ಟುಕೊಂಡೇ ಓಡಿ ವಾಲ್ವ್ ಬಿಸಿಗೆ ಸುಟ್ಟಿರದಿದ್ದರೆ ಬಚಾವು. ಸಂದು ಸರಿಮಾಡಿ, ಮತ್ತೆ ಗೇಜು ಕೂರಿಸಿ ಕಿಕ್ ಹೊಡೆದಳು. ಮುಳ್ಳು ಏರಿತು. ಇನ್ನೊಂದು ಕಿಕ್ಕಿಗೆ ಇನ್ನೂ ಏರಿ, ಇರಬೇಕಾದಲ್ಲಿ ನಿಂತಿತು.

ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದಾಗ ಗಾಡಿ ಟಿಕ್ ಟಿಕ್ ಎಂದಿತು. ಮೇಷ್ಟ್ರು ಹಲ್ಲು ಕಚ್ಚಿದರು.

"ಇದನ್ನ ಸ್ವಲ್ಪ ಕಮ್ಮಿ ಮಾಡೋಕೆ..."

"ಆಗಲ್ಲ."

"ಚೂರೇ ಚೂರು?"

"ಮಾವ."

ಪಿಟೀಲನ್ನು ಬೆನ್ನಿಗೇರಿಸಿ ಹೊರಟರು. ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಗಾಡಿ ಏರಿನ ಅರ್ಧಕ್ಕೆ ಬಂತು, ಅದನ್ನು ದಾಟಿತು, ಮೇಲಿನ ತಿರುವಿನಲ್ಲಿ ಮರೆಯಾಯಿತು. ಅವಳ ಮನಸ್ಸು ಹಗುರಾಯಿತು.

ಸಂಜೆ ಅವರು ಬಂದಾಗ ಅವಳು ಕೈ ತೊಳೆಯುತ್ತಿದ್ದಳು.

"ಮುಂದಿನ ಸಲ ಏನೇ ಕೊಂಡರೂ ನಿನ್ನ ಕರ್ಕೊಂಡೇ ಹೋಗ್ತೀನಿ," ಎಂದರು.

"ನಿಮ್ಮ ಕಿವೀನೂ ಬರ್ಲಿ. ಆ ಉಸ್ ನಂಗೆ ಕೇಳಿಸ್ಲೇ ಇಲ್ಲ. ಪಾಠ ಹೇಗಾಯ್ತು?"

"ಒಬ್ಬೊಬ್ಬರೂ ತಾಳ ತಪ್ಪಿದ್ರು ಕಣಮ್ಮ," ಎನ್ನುತ್ತ ಮೇಷ್ಟ್ರು ಟ್ಯಾಂಕಿನ ಮೇಲೆ ಕೈಯಾಡಿಸಿದರು. "ಇದೊಂದೇ ತಪ್ಪಲಿಲ್ಲ."