ಯಮುನಮ್ಮ ಬರೆಸಿದ ಉಯಿಲು

ಸಾಗರದ ಕಚೇರಿ ಬೀದಿಯಲ್ಲಿ ಮೂವತ್ತು ವರ್ಷ ಉಯಿಲು, ಕ್ರಯಪತ್ರ ಬರೆದವನು ನಾನು. ಕೈ ಚುರುಕು, ಬಾಯಿ ಒರಟು. ಎದುರಿಗಿದ್ದವರು ಮಾತು ಮುಗಿಸುವ ಮೊದಲೇ ನನ್ನ ಅರ್ಧ ಪುಟ ಮುಗಿದಿರುತ್ತಿತ್ತು. ಅದೊಂದು ಜಂಬ.

ಎಪ್ಪತ್ತೆಂಟನೇ ಇಸವಿಯಲ್ಲಿ ಯಮುನಮ್ಮ ಬಂದಳು. ಗಂಡ ಇಲ್ಲ, ಒಬ್ಬನೇ ಮಗ ಮಾಸ್ತಪ್ಪ. ತುರ್ತು ಪರಿಸ್ಥಿತಿಯಲ್ಲಿ ತೀರ್ಥಹಳ್ಳಿ ಕಡೆ ಕರಪತ್ರ ಹಂಚಲು ಹೋಗಿದ್ದವನನ್ನು ಮೇಳಿಗೆಯಲ್ಲಿ ಪೊಲೀಸರು ಬಸ್ಸಿನಿಂದ ಇಳಿಸಿ ಜೀಪು ಹತ್ತಿಸಿದ್ದರು. ಜೈಲಿಗೆ ಹೋದವರೆಲ್ಲ ಮನೆಗೆ ಬಂದರು, ಅವನು ಬರಲಿಲ್ಲ. ಹಿಡಿದೇ ಇಲ್ಲ ಎಂದರು, ಕೇಳಿದ ಕಡೆಯಲ್ಲೆಲ್ಲ. ಅವಳ ಪರವಾಗಿ ಕೋರ್ಟು ಅಲೆದದ್ದು ವಕೀಲ ಉಮಾಮಹೇಶ್ವರರ ಮಾನವ ಹಕ್ಕುಗಳ ಸಮಿತಿ ಒಂದೇ. ತನ್ನ ಕಾಲಾನಂತರ ಮನೆ ಆ ಸಮಿತಿಗೆ ಸೇರಬೇಕೆಂದು ಉಯಿಲು ಬರೆಸಲು ಬಂದಿದ್ದಳು.

ಓದು ಬಾರದವರಿಗೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿಯೇ ಹೆಬ್ಬೆಟ್ಟು ಒತ್ತಿಸುವುದು ನಮ್ಮ ಪದ್ಧತಿ. ಅವಳ ಹೆಬ್ಬೆರಳಿಗೆ ಮಸಿ ಹಚ್ಚಿ ಓದತೊಡಗಿದೆ.

"ನನ್ನ ಏಕಮಾತ್ರ ಪುತ್ರ ದಿವಂಗತ ಮಾಸ್ತಪ್ಪ..."

ಅವಳು ಹೇಳಿದ್ದಲ್ಲ. ವಾರಸುದಾರರ ಸಾಲಿಗೆ ಬಂದಾಗ ನನ್ನ ಕೈ ತಾನಾಗಿ ಬರೆದ ಮಾತು. ಅವಳು ಬೆರಳು ಹಿಂದಕ್ಕೆಳೆದುಕೊಂಡಳು.

"ಅಯ್ಯಾ, ನೀವು ನೋಡಿದ್ರಾ?"

"ಎಂತ ನೋಡದು? ಎರಡು ವರ್ಷ ಆಯ್ತಲ್ಲ ಮಾರಾಯ್ತಿ! ಬೇಕಾದ್ರೆ ಒತ್ತು, ಇಲ್ದಿದ್ರೆ ಎದ್ದು ಹೋಗು."

ಮಸಿಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋದಳು. ಹೋದರೆ ಹೋಗಲಿ ಎಂದು ಮುಂದಿನವರನ್ನು ಕರೆದೆ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಎಂಬತ್ತೈದರಲ್ಲಿ ಮತ್ತೆ ಬಂದಳು. ಬೆನ್ನು ಬಾಗಿತ್ತು, ಬಿಡದ ಕೆಮ್ಮು. ನಾನೇ ಎದ್ದು ಬೆಂಚಿನಲ್ಲಿ ಜಾಗ ಮಾಡಿಕೊಟ್ಟೆ.

"ಹೊಸನಗರದ ಕಡೆಯಿಂದ ಒಬ್ಳು ಬಂದಿದಾಳೆ ಅಯ್ಯಾ. ಅವ್ಳ ಮಗನೂ ಕಾಣೆಯಂತೆ, ಫೋಟೊ ಹಿಡ್ಕಂಡು ಸಮಿತಿ ಜಗಲಿ ಮೇಲೆ ಕೂತಿದ್ಲು. ಕೋರ್ಟಿಗೆ ಬಂದ್ರೆ ಉಳಿಯಕ್ಕೆ ಜಾಗ ಇಲ್ಲ. ನಮ್ಮನೇಲಿ ಇಟ್ಕಂಡೀನಿ. ನಾ ಹೋದ್ಮೇಲೆ ಅಂಥೋರು ಎಲ್ಲಿಗೆ ಹೋಗ್ಬೇಕು? ಬರೀರಿ."

"ಮಗ ಬಂದ್ರೆ ಅವನಿಗೆ, ಬರದಿದ್ರೆ ಸಮಿತಿಗೆ ಅಂತ ಬರೀತೀನಿ ಯಮುನಮ್ಮ. ಅವತ್ತಿನ ಆ ಮಾತು ಬೇಡ."

"ಹಂಗೆ ಬರೆದ್ರೆ ಮನೆ ಅವ್ರ ಕೈಗೆ ಬರದು ಕಷ್ಟ ಅಂದ್ರು ವಕೀಲ್ರು. ಅವತ್ತು ಬರೆದಿದ್ರಲ್ಲ, ಅದನ್ನೇ ಬರೀರಿ."

ಬರೆದೆ. ಎಂದೂ ಇಲ್ಲದಷ್ಟು ನಿಧಾನವಾಗಿ ಬರೆದೆ. ಓದಿ ಹೇಳುವಾಗ "ನನ್ನ ಏಕಮಾತ್ರ ಪುತ್ರ" ಎಂಬಲ್ಲಿಗೆ ನಿಲ್ಲಿಸಿದೆ. ಕನ್ನಡಕ ತೆಗೆದು ಒರೆಸುತ್ತ ಕೂತೆ. ಮಸಿ ಹಚ್ಚಿದ ಬೆರಳನ್ನು ಎತ್ತಿ ಹಿಡಿದುಕೊಂಡು ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ, ಒಂದಕ್ಷರ ಬಾರದ ಆ ಹೆಂಗಸು ಕಾಗದವನ್ನೇ ನೋಡುತ್ತ ತಾನೇ ಹೇಳಿದಳು.

"ದಿವಂಗತ ಮಾಸ್ತಪ್ಪ."

ಹೇಳಿ ಹೆಬ್ಬೆಟ್ಟು ಒತ್ತಿದಳು. ಮಸಿ ಒರೆಸಿಕೊಳ್ಳಲು ನಾನು ಬಟ್ಟೆ ಚಾಚಿದೆ. ತೆಗೆದುಕೊಳ್ಳಲಿಲ್ಲ.

"ಇರ್ಲಿ ಅಯ್ಯಾ. ಮನೆಗೆ ಹೋಗಿ ಸೂತಕದ ಸ್ನಾನ ಮಾಡ್ಬೇಕು. ಅದ್ರಲ್ಲೇ ಹೋಗ್ತದೆ."